ಹಿಮದ ದಾರಿಯೂ ಮೇಷ್ಟರ ಬಾಯಿಯೂ

ಮೂವತ್ತಮೂರು ವರ್ಷಗಳ ಕಾಲ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತನಾದವನು ನಾನು. ಈ ಅವಧಿಯಲ್ಲಿ ಹಿಮವನ್ನು ಕುರಿತು ಎಷ್ಟು ಸಾರಿ ಮಾತನಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಕಾಳಿದಾಸನ ‘ಕುಮಾರಸಂಭವ’ದ ಮೊದಲನೆಯ ಸರ್ಗವು ಹಿಮಾಲಯದ ವರ್ಣನೆಯಿಂದಲೇ ಆರಂಭವಾಗುವುದಷ್ಟೆ. ಅಮರಕೋಶದಲ್ಲಿ ಹಿಮಕ್ಕೆ ಏಳು ಹೆಸರುಗಳಿವೆ. ಹಿಮದ ದೊಡ್ಡ ರಾಶಿಗೆ ‘ಹಿಮಾನೀ’ ಎಂಬ ಬೇರೊಂದು ಹೆಸರೂ ಉಂಟು. ಇವನ್ನೆಲ್ಲ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿಯೂ ಇದ್ದೇನೆ. ಆದರೆ ಅರುವತ್ತು ತುಂಬುವವರೆಗೆ ಹಿಮವನ್ನು ಕಣ್ಣಿನಿಂದ ಕಂಡವನಲ್ಲ. ಕೈಯಿಂದ ಮುಟ್ಟಿದ್ದೆಂದರೆ ಮದುವೆಯ ಮನೆಗಳಲ್ಲಿ ಪಾನಕದ ಹಂಡೆಗೆ ಹಾಕಲು ಹೊಟ್ಟಿನಲ್ಲಿ ಮುಚ್ಚಿ ತಂದ ಮಂಜುಗಡ್ಡೆಯನ್ನು ಮಾತ್ರ.

ನಿವೃತ್ತನಾದ ವರ್ಷ ಮಗಳು ಬಹಳವಾಗಿ ಕರೆದುದರಿಂದ ನಾನೂ ನನ್ನ ಮನೆಯಾಕೆಯೂ ಅಮೆರಿಕ ದೇಶದ ಮಿನ್ನೆಸೋಟ ರಾಜ್ಯಕ್ಕೆ ಹೋಗಿ ಒಂದು ಚಳಿಗಾಲವನ್ನು ಅಲ್ಲಿ ಕಳೆದೆವು. ಮಗಳೂ ಅಳಿಯನೂ ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ ವಾಸವಾಗಿದ್ದಾರೆ. ಅದು ಹತ್ತು ಸಾವಿರ ಸರೋವರಗಳ ನಾಡೆಂದು ಅಲ್ಲಿಯ ಮೋಟಾರು ಗಾಡಿಗಳ ನಂಬರು ಹಲಗೆಯ ಮೇಲೆಯೇ ಬರೆದಿರುತ್ತದೆ. ಚಳಿಗಾಲದಲ್ಲಿ ಆ ಸರೋವರಗಳೆಲ್ಲ ಕಲ್ಲಾಗಿ, ಜನರು ಅವುಗಳ ಮೇಲೆ ಗಾಡಿಯನ್ನು ಓಡಿಸಿಕೊಂಡು ಹೋಗಿ, ಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುತ್ತಾರೆ. ೨೦೧೯ನೆಯ ಇಸವಿ ಜನವರಿ ೩೦ರಂದು ಆ ಊರಿನ ಉಷ್ಣಮಾನವು ಸೊನ್ನೆಗಿಂತ ೩೩ ಡಿಗ್ರಿ ಕೆಳಗೆ ಇಳಿದು, ಅಂಚೆಯವರು ಸಹ ಕಾಗದಗಳನ್ನು ಹಂಚಲಾಗದೆ ಕೆಲಸ ನಿಲ್ಲಿಸಿದರಂತೆ. ಇಂತಹ ದೇಶದಲ್ಲಿ ನಮ್ಮ ಮಗಳು ದಿನವೂ ಕೆಲಸಕ್ಕೆ ಗಾಡಿಯನ್ನು ನಡೆಯಿಸಿಕೊಂಡು ಹೋಗಿ ಬರುತ್ತಾಳೆಂಬುದನ್ನು ನಾವು ಊರಿನಲ್ಲಿದ್ದಾಗ ಅಷ್ಟಾಗಿ ಯೋಚಿಸಿಯೇ ಇರಲಿಲ್ಲ.

ಮೊದಲ ಹಿಮವು ನವೆಂಬರು ತಿಂಗಳ ಒಂದು ರಾತ್ರಿ ಬಿದ್ದಿತು. ಬೆಳಗ್ಗೆ ಎದ್ದು ಕಿಟಕಿಯ ಪರದೆಯನ್ನು ಸರಿಸಿದಾಗ ನನಗೆ ಬಾಯಿಂದ ಮಾತು ಹೊರಡಲಿಲ್ಲ. ಲೋಕವೆಲ್ಲ ಸದ್ದಡಗಿ, ಮನೆಯ ಮಾಡು, ಮರದ ಕೊಂಬೆ, ಬೇಲಿಯ ಗೂಟ ಎಲ್ಲದರ ಮೇಲೆಯೂ ಬಿಳಿಯ ಅರಳೆಯನ್ನು ಹಿಂಜಿ ಹರಡಿದಂತೆ ಇದ್ದಿತು. ನಾನು ಸಂತೋಷದಿಂದ ಮಗಳನ್ನು ಕೂಗಿ ಕರೆದೆ. ಅವಳು ಬಂದು ನೋಡಿ, “ಇವತ್ತು ಅರ್ಧ ಗಂಟೆ ಮುಂಚೆ ಹೊರಡಬೇಕು” ಎಂದಳು. ಇಷ್ಟೇ ಅವಳ ಕಾವ್ಯ. ನನಗೆ ಆಗ ಸ್ವಲ್ಪ ಬೇಸರವೇ ಆಯಿತು. ಈಗ ಯೋಚಿಸಿದರೆ, ನಮ್ಮ ಮಲೆನಾಡಿನ ಮಳೆಯನ್ನು ಕಂಡು ಬಯಲುಸೀಮೆಯ ನೆಂಟರು ಆಹಾ ಎನ್ನುತ್ತಿರುವಾಗ, ಗದ್ದೆಯ ಬದು ಒಡೆದೀತೆಂದು ಗುದ್ದಲಿ ಹಿಡಿದು ಓಡುತ್ತಿದ್ದ ನನ್ನ ತಂದೆಯವರ ಮುಖವೇ ಅವಳ ಮುಖದಲ್ಲಿಯೂ ಇದ್ದಿತು.

ಆ ಮನೆಯಲ್ಲಿ ಚಳಿಗಾಲಕ್ಕೆ ನಡೆಯುವ ಸಿದ್ಧತೆಯು ನಮ್ಮಲ್ಲಿ ಮಳೆಗಾಲಕ್ಕೆ ನಡೆಯುವ ಸಿದ್ಧತೆಗಿಂತ ಕಡಮೆಯದಲ್ಲ. ಹಿಮ ಬೀಳುವ ಮುಂಚೆಯೇ ಅಳಿಯನು ಗಾಡಿಯ ನಾಲ್ಕು ಟೈರುಗಳನ್ನೂ ಬದಲಾಯಿಸಿದನು. ಇದ್ದ ಟೈರುಗಳು ಹೊಸದಾಗಿಯೇ ಇದ್ದುವು. ಹೀಗಿರುವಾಗ ಈ ವೆಚ್ಚವೇತಕ್ಕೆಂದು ನಾನು ಕೇಳಿದೆ. ಸಾಮಾನ್ಯ ಟೈರಿನ ರಬ್ಬರು ಉಷ್ಣಮಾನವು ಸುಮಾರು ೭ ಡಿಗ್ರಿಗಿಂತ ಕೆಳಗೆ ಇಳಿಯಿತೆಂದರೆ ಗಡುಸಾಗುತ್ತ ಹೋಗುತ್ತದೆ, ಗಡುಸಾದ ರಬ್ಬರು ನೆಲವನ್ನು ಹಿಡಿಯದು, ಚಳಿಗಾಲದ ಟೈರು ಬೇರೆ ಪಾಕದ್ದು, ಚಳಿಯಲ್ಲಿಯೂ ಮೆದುವಾಗಿಯೇ ಇರುವುದು ಎಂದು ಅವನು ವಿವರಿಸಿದನು. ಮಿನ್ನೆಸೋಟದಲ್ಲಿ ಇದು ಕಡ್ಡಾಯವಲ್ಲ. ಆದರೆ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರು ೧ರಿಂದ ಮಾರ್ಚಿ ೧೫ರವರೆಗೆ ಇಂತಹ ಟೈರುಗಳಿಲ್ಲದೆ ಗಾಡಿಯನ್ನು ಹೊರಗೆ ತರಬಾರದೆಂದು ಕಾನೂನೇ ಇದೆ. ನಾಲ್ಕು ಚಕ್ರಗಳಿಗೂ ಯಂತ್ರದ ಬಲ ಹೋಗುವ ಗಾಡಿಯಿದ್ದರೆ ಸಾಲದೆ ಎಂದು ನಾನು ಮತ್ತೆ ತರ್ಕ ಹೂಡಿದೆ. “ಮಾವ, ಅದು ಹೊರಡುವುದಕ್ಕೆ ಸಹಾಯ, ನಿಲ್ಲುವುದಕ್ಕೆ ಅಲ್ಲ. ಜನ ಬೇಗ ಹೊರಡಲಿಕ್ಕೆ ಆಯಿತಲ್ಲ ಎಂದು ಧೈರ್ಯ ಮಾಡಿ, ನಿಲ್ಲಲಿಕ್ಕೆ ಆಗದೆ ಹಳ್ಳಕ್ಕೆ ಬೀಳುತ್ತಾರೆ” ಎಂದನು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಗಾಡಿಯ ಹಿಂದಿನ ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ. ಅದರಲ್ಲಿ ಸಣ್ಣದೊಂದು ಸಲಿಕೆ, ಎರಡು ಕಂಬಳಿ, ಟಾರ್ಚು, ಒಣಹಣ್ಣು, ಕೈಗವಸುಗಳು, ಚಕ್ರದ ಕೆಳಗೆ ಎರಚುವುದಕ್ಕೆ ಒಂದು ಚೀಲ ಮರಳು. ಹೊರಡುವ ಮುಂಚೆ ಪ್ರತಿದಿನವೂ ಗಾಜುಗಳನ್ನೆಲ್ಲ ಕೆರೆದು, ಗಾಡಿಯ ತಲೆಯ ಮೇಲಣ ಹಿಮವನ್ನೂ ಗುಡಿಸುವುದು ಕ್ರಮ. ತಲೆಯ ಮೇಲಿನದು ಏನು ಮಾಡೀತೆಂದು ನಾನು ಕೇಳಲು, ಬ್ರೇಕು ಹಾಕಿದಾಗ ಅದು ಹೆಪ್ಪಾಗಿ ಮುಂದಿನ ಗಾಜಿನ ಮೇಲೆ ಜಾರಿ ಕಣ್ಣು ಮುಚ್ಚಿಸುವುದು, ಇಲ್ಲವೆ ಹಾರಿ ಹಿಂದಿನವರ ಗಾಜಿನ ಮೇಲೆ ಬೀಳುವುದು ಎಂದು ಮಗಳು ಹೇಳಿದಳು. ನಾಲ್ಕು ವರ್ಷದ ಮೊಮ್ಮಗನನ್ನು ಗಾಡಿಯಲ್ಲಿ ಕೂರಿಸುವಾಗ ಮಾತ್ರ ನಮಗೂ ಅವಳಿಗೂ ಒಂದು ಸಣ್ಣ ಜಗಳವೇ ಆಯಿತು. ಹೊರಗೆ ಮೂಗು ಉದುರುವ ಚಳಿ. ಈ ತಾಯಿಯಾದವಳು ಮಗುವಿನ ದಪ್ಪ ಕೋಟನ್ನು ಬಿಚ್ಚಿ, ಪಟ್ಟಿಯನ್ನು ಬಿಗಿದು, ಅನಂತರ ಕೋಟನ್ನು ಹೊದಿಕೆಯಂತೆ ಮೇಲೆ ಹಾಸುತ್ತಾಳೆ! ನನ್ನ ಮನೆಯಾಕೆಗೆ ಕಣ್ಣಿನಲ್ಲಿ ನೀರೇ ಬಂದಿತು. ಆದರೆ ಅದರಲ್ಲಿಯೂ ಯುಕ್ತಿಯಿದೆ. ಉಬ್ಬಿದ ಕೋಟಿನ ಮೇಲೆ ಬಿಗಿದ ಪಟ್ಟಿಯು ಬಿಗಿಯಾದಂತೆ ಕಾಣುತ್ತದೆ, ಅಷ್ಟೆ. ಅಪಘಾತದ ಕ್ಷಣದಲ್ಲಿ ಕೋಟು ಅಮುಕಿಕೊಂಡು, ಪಟ್ಟಿ ಸಡಿಲವಾಗಿ, ಮಗುವು ಅದರೊಳಗಿಂದ ಜಾರಿಹೋಗಬಹುದು.

ಹಿಮವನ್ನು ರಸ್ತೆಯಿಂದ ಗೋರುವುದಕ್ಕೆ ಮುಂದೆ ದೊಡ್ಡ ನೇಗಿಲಿನಂತಹ ಅಲಗನ್ನು ಕಟ್ಟಿದ ಲಾರಿಗಳಿವೆ. ಆ ರಾಜ್ಯದ ಸಾರಿಗೆ ಇಲಾಖೆಯ ಬಳಿ ಇಂಥವು ಎಂಟು ನೂರಕ್ಕೂ ಮೇಲಾಗಿ ಇವೆ. ಇವುಗಳಿಗೆ ಹೆಸರಿಡಲು ಇಲಾಖೆಯವರು ೨೦೨೦–೨೧ರ ಚಳಿಗಾಲದಿಂದ ಜನರಲ್ಲಿ ಸ್ಪರ್ಧೆ ಏರ್ಪಡಿಸುತ್ತಿದ್ದಾರೆ. ಮೊದಲ ಸಲ ಗೆದ್ದ ಹೆಸರು ‘ಪ್ಲೌಯಿ ಮೆಕ್‌ಪ್ಲೌಫೇಸ್’ ಎಂಬುದು. ಅದು ಕೇವಲ ಹಾಸ್ಯದ ಹೆಸರು. ಹಸುವಿಗೂ ಎತ್ತಿಗೂ ಹೆಸರಿಟ್ಟು ಕರೆಯುವ ನಮಗೆ ಇದು ವಿಚಿತ್ರವಾಗಿ ತೋರಲಿಲ್ಲ. ಈ ಲಾರಿಗಳನ್ನು ದಾಟಿ ಮುಂದೆ ಹೋಗಬಾರದು. ಅವುಗಳ ಸುತ್ತ ಎದ್ದ ಹಿಮದ ಧೂಳಿನಲ್ಲಿ ದಾರಿಯೇ ಕಾಣದು. ಅವು ನಡೆದ ಹಿಂದಿನ ದಾರಿಯೇ ಎಲ್ಲಕ್ಕಿಂತ ಸುರಕ್ಷಿತವಾದ ದಾರಿ.

ಲಾರಿಗಳು ಹಿಂದೆ ಉಪ್ಪನ್ನು ಚೆಲ್ಲುತ್ತ ಹೋಗುತ್ತವೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಯಾಗದು, ಇನ್ನೂ ತಣ್ಣಗಾಗಬೇಕು. ಆದುದರಿಂದ ಗಡ್ಡೆ ಕರಗುವುದು. ಹಿಂದಿನ ಕಾಲದಲ್ಲಿ ಐಸ್‌ಕ್ರೀಮನ್ನು ಮರದ ಬಕೇಟಿನಲ್ಲಿ ತಿರುವುವಾಗ ಸುತ್ತಲೂ ಗಡ್ಡೆಯ ಜೊತೆಗೆ ಉಪ್ಪನ್ನು ಹಾಕುತ್ತಿದ್ದುದೂ ಇದೇ ಗುಣದಿಂದ. ಆದರೆ ಉಪ್ಪಿಗೂ ಒಂದು ಮಿತಿಯಿದೆ: ಸೊನ್ನೆಗಿಂತ ಸುಮಾರು ೯ ಡಿಗ್ರಿ ಕೆಳಗೆ ಹೋದರೆ ರಸ್ತೆಯ ಮೇಲೆ ಅದರ ಕೆಲಸ ಬಹಳ ಮಂದವಾಗುವುದು. ಆಗ ಬೇರೆ ಲವಣಗಳನ್ನು ಸೇರಿಸುತ್ತಾರೆ, ಇಲ್ಲವೆ ಮರಳು ಎರಚುತ್ತಾರೆ. ಚೆಲ್ಲಿದ ಉಪ್ಪೆಲ್ಲ ಕೊನೆಗೆ ಸೇರುವುದು ಅದೇ ಸರೋವರಗಳಿಗೆ. ಒಂದು ಟೀ ಚಮಚದಷ್ಟು ಉಪ್ಪು ಸುಮಾರು ೧೯ ಲೀಟರು ಸಿಹಿನೀರನ್ನು ಕೆಡಿಸುವುದೆಂದು ಅಲ್ಲಿಯ ಮಾಲಿನ್ಯ ನಿಯಂತ್ರಣದವರು ಜನರಿಗೆ ಎಚ್ಚರಿಕೆ ಹೇಳುತ್ತಾರೆ. ಪ್ರಾಣವನ್ನು ಉಳಿಸಿಕೊಳ್ಳುವುದಕ್ಕೂ ನೀರನ್ನು ಉಳಿಸಿಕೊಳ್ಳುವುದಕ್ಕೂ ನಡುವೆ ಆ ಜನರು ಪ್ರತಿ ಚಳಿಗಾಲದಲ್ಲಿಯೂ ತೂಗುತ್ತಿದ್ದಾರೆ.

ಇಷ್ಟೆಲ್ಲ ಇದ್ದರೂ ಹಿಮ, ಕೊಚ್ಚೆಹಿಮ, ಗಡ್ಡೆ ಇವುಗಳಿಂದ ಜಾರುವ ರಸ್ತೆಗಳಲ್ಲಿ ಇಡೀ ಅಮೆರಿಕದಲ್ಲಿ ವರ್ಷಕ್ಕೆ ೧೩೦೦ಕ್ಕೂ ಹೆಚ್ಚು ಜನ ಸಾಯುವರೆಂದು ಅಲ್ಲಿಯ ಹೆದ್ದಾರಿ ಆಡಳಿತದವರು ಲೆಕ್ಕ ಕೊಟ್ಟಿದ್ದಾರೆ. ಈ ಸಂಖ್ಯೆಯನ್ನು ಅಳಿಯನು ಒಂದು ಸಂಜೆ ಹೇಳಿದಾಗ ನಾನು ತಲೆಯಾಡಿಸಿದೆ. ಆದರೆ ಅದು ಇತರರಿಗೆ ಸಂಬಂಧಪಟ್ಟ ಸಂಖ್ಯೆಯೆಂದು ಮನಸ್ಸಿನಲ್ಲಿಯೇ ಎಣಿಸಿದೆನೆಂದು ಕಾಣುತ್ತದೆ.

ಅದೇ ಸಂಜೆ ಮಗಳು ನನಗೆ ಒಂದು ಪಾಠ ಹೇಳಿದಳು. ಅದನ್ನು ನಾನು ಆಗಲೇ ಚೆನ್ನಾಗಿ ಕೇಳಿದ್ದರೆ ಈ ಲೇಖನವನ್ನು ಬರೆಯಬೇಕಾದ ಸಂದರ್ಭ ಒದಗುತ್ತಿರಲಿಲ್ಲ. “ಅಪ್ಪಯ್ಯ, ಟೈರು ನೆಲವನ್ನು ಹಿಡಿದುಕೊಳ್ಳುವ ಶಕ್ತಿ ಇದೆಯಲ್ಲ, ಅದು ನಿಮ್ಮ ಮೊದಲಿನ ಸಂಬಳದ ಹಾಗೆ. ಇಷ್ಟೇ ಎಂದರೆ ಇಷ್ಟೇ. ವೇಗ ಹೆಚ್ಚಿಸುವುದು, ಬ್ರೇಕು ಹಾಕುವುದು, ತಿರುಗಿಸುವುದು, ಮೂರು ಖರ್ಚೂ ಅದರಲ್ಲೇ ಆಗಬೇಕು. ಒಣರಸ್ತೆಯಲ್ಲಿ ಸಂಬಳ ದೊಡ್ಡದು, ಮೂರನ್ನೂ ಒಟ್ಟಿಗೆ ಮಾಡಿದರೂ ನಡೆಯುತ್ತದೆ. ಗಡ್ಡೆಯ ಮೇಲೆ ಸಂಬಳ ಹತ್ತರಲ್ಲಿ ಒಂದು ಪಾಲು. ಅದನ್ನೆಲ್ಲ ಬ್ರೇಕಿಗೇ ಕೊಟ್ಟುಬಿಟ್ಟರೆ ತಿರುಗಿಸುವುದಕ್ಕೆ ಕಾಸೇ ಉಳಿಯುವುದಿಲ್ಲ. ಚಕ್ರ ಎಷ್ಟು ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ” ಎಂದಳು.

ಆದುದರಿಂದಲೇ ಅಲ್ಲಿ ಎಲ್ಲವನ್ನೂ ಒಂದೊಂದಾಗಿ, ಮೆಲ್ಲಗೆ, ಮುಂಚಿತವಾಗಿ ಮಾಡತಕ್ಕದ್ದು. ತಿರುವು ಬರುವ ಮುಂಚೆಯೇ ನೆಟ್ಟನೆಯ ದಾರಿಯಲ್ಲಿ ವೇಗವನ್ನು ಇಳಿಸಿಕೊಳ್ಳಬೇಕು. ತಿರುವಿನಲ್ಲಿ ಬ್ರೇಕನ್ನು ಮುಟ್ಟಬಾರದು. ಗಡ್ಡೆಯ ಮೇಲೆ ಗಾಡಿಯು ನಿಲ್ಲುವುದಕ್ಕೆ ಒಣರಸ್ತೆಗಿಂತ ಹತ್ತು ಪಟ್ಟು ದೂರ ಬೇಕಾಗಬಹುದು. ಆದುದರಿಂದ ಮುಂದಿನ ಗಾಡಿಯು ದಾಟಿದ ಕಂಬವನ್ನು ನಾವು ದಾಟುವಾಗ ಹತ್ತು ಎಣಿಸುವಷ್ಟು ಅಂತರವಿರಬೇಕು. ತನ್ನಷ್ಟಕ್ಕೆ ವೇಗವನ್ನು ಕಾಯ್ದುಕೊಂಡು ಹೋಗುವ ಯಂತ್ರಸೌಕರ್ಯವನ್ನು ಆರಿಸಿಬಿಡಬೇಕು. ಗಾಡಿಯ ಹಿಂಭಾಗ ಜಾರಿದರೆ ಕಾಲನ್ನು ಮೆಲ್ಲಗೆ ಮೇಲೆತ್ತಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೇ ದೃಷ್ಟಿಯಿಟ್ಟು, ಚಕ್ರವನ್ನು ಅತ್ತಲೇ ಸ್ವಲ್ಪವಾಗಿ ತಿರುಗಿಸಬೇಕು. ಕೈಯು ಕಣ್ಣನ್ನು ಅನುಸರಿಸುತ್ತದೆ. ಹಳ್ಳವನ್ನು ನೋಡುತ್ತಿದ್ದವನು ಹಳ್ಳಕ್ಕೇ ಹೋಗುವನು.

ಇನ್ನೊಂದು ಸಂಗತಿ ನನಗೆ ಆಶ್ಚರ್ಯಕರವಾಗಿ ತೋರಿತು. ಕಡುಚಳಿಗಿಂತ ಸೊನ್ನೆಯ ಹತ್ತಿರದ ಚಳಿಯೇ ದಾರಿಗೆ ಹೆಚ್ಚು ಅಪಾಯಕರ. ಸೊನ್ನೆಯ ಆಸುಪಾಸಿನಲ್ಲಿ ಗಡ್ಡೆಯ ಮೇಲೆ ನೀರಿನ ತೆಳುವಾದ ಪೊರೆಯಿದ್ದು ಅದು ಎಣ್ಣೆಯಂತೆ ಜಾರುವುದು. ಎಲ್ಲಕ್ಕಿಂತ ಕೆಟ್ಟದ್ದು, ಮೇಲೆ ಬೆಚ್ಚಗಿನ ಗಾಳಿಯ ಪದರದಲ್ಲಿ ಮಳೆಯಾಗಿ ಹುಟ್ಟಿ, ನೆಲದ ಹತ್ತಿರದ ಚಳಿಯಲ್ಲಿ ತಣ್ಣಗಾಗಿ, ರಸ್ತೆಯನ್ನು ಮುಟ್ಟಿದ ಕೂಡಲೇ ಗಡ್ಡೆಯಾಗುವ ಮಳೆ. ಹೀಗೆ ಆದ ಗಡ್ಡೆಯು ಗಾಜಿನಂತೆ ಪಾರದರ್ಶಕವಾದುದರಿಂದ ಕೆಳಗಿನ ಡಾಂಬರಿನ ಕಪ್ಪೇ ಕಾಣುವುದು. ನೋಡಿದವರು ನೀರಿನಿಂದ ಒದ್ದೆಯಾದ ರಸ್ತೆಯೆಂದು ಭ್ರಮಿಸುವರು. ಇದಕ್ಕೆ ಅಲ್ಲಿಯವರು ‘ಬ್ಲ್ಯಾಕ್ ಐಸ್’, ಎಂದರೆ ಕರಿಗಡ್ಡೆ, ಎನ್ನುತ್ತಾರೆ. ಸೇತುವೆಗಳ ಮೇಲೆ ಇದು ಮೊದಲು ಕಟ್ಟುವುದು. ಏಕೆಂದರೆ ಅಲ್ಲಿ ತಣ್ಣಗಿನ ಗಾಳಿಯು ಮೇಲೆ ಬೀಸುವಂತೆ ಕೆಳಗೂ ಬೀಸುವುದು, ಕಾವನ್ನು ಹಿಡಿದಿಡುವ ಮಣ್ಣು ಅಡಿಯಲ್ಲಿಲ್ಲ. ಅಮರಕೋಶದ ಏಳು ಹೆಸರುಗಳನ್ನೂ ಮನಸ್ಸಿನಲ್ಲಿ ತಿರುವಿ ನೋಡಿದೆ. ಕಣ್ಣಿಗೆ ಕಾಣದ ಈ ಹಿಮಕ್ಕೆ ಅದರಲ್ಲಿ ಹೆಸರಿಲ್ಲ.

ಇನ್ನು ಆ ದಿನದ ವಿಷಯ.

ಮಾರ್ಗಶಿರ ಮಾಸದಲ್ಲಿ ನನ್ನ ತಂದೆಯವರ ಶ್ರಾದ್ಧ. ಅವರು ಗತಿಸಿದ ಮೇಲೆ ಒಂದು ವರ್ಷವೂ ನಾನು ಆ ತಿಥಿಯನ್ನು ತಪ್ಪಿಸಿದವನಲ್ಲ. ಅಲ್ಲಿಯೂ ಸುಮಾರು ಇಪ್ಪತ್ತು ಮೈಲಿ ದೂರದಲ್ಲಿ ನಮ್ಮ ಕಡೆಯ ಒಬ್ಬ ಪುರೋಹಿತರು ಇದ್ದರು. ಅವರ ಮನೆಯಲ್ಲಿ ಕರ್ಮವನ್ನು ನಡೆಯಿಸುವುದೆಂದು ನಿಶ್ಚಯವಾಗಿದ್ದಿತು. ಅಳಿಯನು ಕೆಲಸದ ನಿಮಿತ್ತ ಪರಊರಿಗೆ ಹೋಗಿದ್ದನು. ಹಿಂದಿನ ದಿನ ಸಂಜೆ ಹವೆಯು ಬೆಚ್ಚಗಾಯಿತು. ಚಳಿ ಮುರಿಯಿತೆಂದು ನಾನು ಸಂತೋಷಪಟ್ಟೆ. ರಾತ್ರಿ ಸಣ್ಣಗೆ ಮಳೆ ಹನಿಯುವ ಸದ್ದು ಕೇಳಿಸಿತು. ಬಹುದಿನಗಳ ಮೇಲೆ ಊರಿನ ಸದ್ದು ಕೇಳಿದಂತಾಗಿ ಸುಖವಾಗಿ ನಿದ್ರೆ ಮಾಡಿದೆ.

ಬೆಳಗ್ಗೆ ಸ್ನಾನ ಮಾಡಿ ಪಂಚೆಯುಟ್ಟು, ಮೇಲೆ ದೊಡ್ಡ ಕೋಟು ಹಾಕಿಕೊಂಡು ಸಿದ್ಧನಾಗಿ ಬಂದಾಗ ಮಗಳು ಬಾಗಿಲಿನ ಬಳಿ ನಿಂತು ಹೊರಗೆ ನೋಡುತ್ತಿದ್ದಳು. “ಅಪ್ಪಯ್ಯ, ಇವತ್ತು ಹೋಗುವುದು ಬೇಡ. ರಾತ್ರಿ ಮಳೆ ಬಿದ್ದು ಗಡ್ಡೆಯಾಗಿದೆ. ಭಟ್ಟರಿಗೆ ಫೋನು ಮಾಡಿ ಕೇಳೋಣ” ಎಂದಳು. ನಾನು ಹೊರಗೆ ನೋಡಿದೆ. ರಸ್ತೆಯು ಕಪ್ಪಗೆ, ಸ್ವಚ್ಛವಾಗಿ ಕಂಡಿತು; ಹೊಸ ಹಿಮ ಒಂದು ಬೊಗಸೆಯೂ ಇರಲಿಲ್ಲ. ಮೊಣಕಾಲುದ್ದ ಹಿಮ ಬಿದ್ದಾಗಲೂ ಕೆಲಸಕ್ಕೆ ಹೋಗುವವಳಿಗೆ ಇವತ್ತು, ಈ ಕಾರ್ಯಕ್ಕೆ ಮಾತ್ರ ಭಯವೆ ಎಂದು ನನಗೆ ಕೋಪ ಬಂದಿತು. ಜೋರು ಮಾತನ್ನಾಡಲಿಲ್ಲ. “ನಿನ್ನ ಅಜ್ಜಯ್ಯನ ದಿನ ಇವತ್ತು” ಎಂದಷ್ಟೇ ಹೇಳಿದೆ. ಮಕ್ಕಳನ್ನು ನೋಯಿಸುವುದಕ್ಕೆ ಜೋರು ಮಾತು ಬೇಕಾಗಿಲ್ಲವೆಂಬುದು ಉಪಾಧ್ಯಾಯರಾದವರಿಗೆಲ್ಲ ಗೊತ್ತು. ಅವಳು ಒಂದು ಕ್ಷಣ ಸುಮ್ಮನಿದ್ದು, ಬೀಗದ ಕೈಯನ್ನು ತೆಗೆದುಕೊಂಡಳು. ನನ್ನ ಮನೆಯಾಕೆಯು ಮಗುವಿನೊಂದಿಗೆ ಮನೆಯಲ್ಲಿಯೇ ಉಳಿದಳು. ಈಗಲೂ ಇದನ್ನು ನೆನೆದು ದೇವರಿಗೆ ಕೈಮುಗಿಯುತ್ತೇನೆ.

ಆ ದೇಶದಲ್ಲಿ ಗಾಡಿಯನ್ನು ನಡೆಯಿಸುವವರು ಎಡಗಡೆ ಕೂರುವರು. ನಮ್ಮಲ್ಲಿ ಚಾಲಕನು ಕೂರತಕ್ಕ ಬಲಗಡೆಯ ಆಸನದಲ್ಲಿ ನಾನು ಕೂತಿದ್ದೆ. ನನ್ನ ಮುಂದೆ ಚಕ್ರವಿಲ್ಲ, ಕಾಲಿನ ಕೆಳಗೆ ಬ್ರೇಕಿಲ್ಲ. ಆದರೂ ಕಾಲು ಆಗಾಗ ನೆಲವನ್ನು ಒತ್ತುತ್ತಲೇ ಇದ್ದಿತು. ಮಗಳು ಗಂಟೆಗೆ ಇಪ್ಪತ್ತೈದು ಮೈಲಿಗಿಂತ ಹೆಚ್ಚು ಹೋಗಲಿಲ್ಲ, ಮಾತನ್ನೂ ಆಡಲಿಲ್ಲ. ಹೀಗೆಯೇ ಹೋದರೆ ಅಪರಾಹ್ಣ ಮೀರುವುದೆಂದು ನಾನು ಕೈಗಡಿಯಾರವನ್ನು ಎರಡು ಸಾರಿ ನೋಡಿದೆ, ಅವಳಿಗೆ ಕಾಣುವಂತೆಯೇ ನೋಡಿದೆ.

ಒಂದು ಹಳ್ಳದ ಮೇಲೆ ಸೇತುವೆ. ಸೇತುವೆ ಮುಗಿಯುವಲ್ಲಿಯೇ ದಾರಿಯು ಎಡಕ್ಕೆ ಬಾಗುವುದು. ನಾವು ಸೇತುವೆಯ ನಡುವೆ ಬಂದಾಗ ಗಾಡಿಯ ಹಿಂಭಾಗ ಯಾರೋ ಕೈಯಿಂದ ತಳ್ಳಿದಂತೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಸದ್ದಿಲ್ಲ, ಕುಲುಕಿಲ್ಲ. ಮಗಳ ಕಾಲು ಮೇಲೆದ್ದುದನ್ನೂ, ಅವಳ ಕಣ್ಣು ದೂರದ ದಾರಿಯಲ್ಲಿಯೇ ನೆಟ್ಟಿದ್ದುದನ್ನೂ, ಕೈಯು ಚಕ್ರವನ್ನು ಎರಡು ಅಂಗುಲದಷ್ಟು ತಿರುಗಿಸಿದುದನ್ನೂ ನಾನು ಕಂಡೆ. ಗಾಡಿಯು ತಿರುಗಿ ನೆಟ್ಟಗಾಗುತ್ತಲೂ ಇದ್ದಿತು. ಆಗ ನಾನು, ಮೂವತ್ತಮೂರು ವರ್ಷ ತರಗತಿಯ ಹಿಂದಿನ ಬೆಂಚಿಗೆ ಮುಟ್ಟುವಂತೆ ಪಳಗಿಸಿದ ಕಂಠದಿಂದ, “ಬ್ರೇಕು ಹಾಕು!” ಎಂದು ಅರಚಿದೆ.

ಅವಳು ಹಾಕಿದಳು.

ಬ್ರೇಕು ಕಾಲಿನ ಕೆಳಗೆ ಕಟಕಟನೆ ಅದುರಿತು. ಮುಂದಿನ ಚಕ್ರಗಳು ಅವಳ ಕೈಯ ಮಾತನ್ನು ಕೇಳುವುದನ್ನು ಬಿಟ್ಟುವು. ದಾರಿಯು ಎಡಕ್ಕೆ ತಿರುಗಿತು. ಗಾಡಿಯು ತಿರುಗಲಿಲ್ಲ, ನೆಟ್ಟಗೆ ಹೋಯಿತು. ಸೇತುವೆಯ ಕಟಕಟೆ ಮುಗಿದ ಮೇಲೆ, ನೇಗಿಲು ಲಾರಿಗಳು ಗೋರಿ ಒಟ್ಟಿದ್ದ ಹಿಮದ ದಿಣ್ಣೆಯೊಳಕ್ಕೆ ಮೂಗಿನವರೆಗೆ ಹುಗಿದು ನಿಂತಿತು. ಕಟಕಟೆಗೂ ಆ ದಿಣ್ಣೆಗೂ ನಡುವೆ ಎರಡು ಮಾರಿನಷ್ಟು ಅಂತರವಿತ್ತು. ಆ ಅಂತರದ ಆಚೆ ಹಳ್ಳ. ನಾವು ಹಳ್ಳಕ್ಕೆ ಬೀಳದೆ ದಿಣ್ಣೆಗೆ ಹೋಗಿ ತಗುಲಿದ್ದು ನನ್ನ ಪುಣ್ಯವೂ ಅಲ್ಲ, ಜಾಣತನವೂ ಅಲ್ಲ.

ನಾನು ಕೂಡಲೇ ಬಾಗಿಲನ್ನು ತೆರೆಯಹೋದೆ. “ಇಳಿಯಬೇಡಿ, ಪಟ್ಟಿ ಬಿಚ್ಚಬೇಡಿ” ಎಂದಳು ಮಗಳು. ಎಚ್ಚರಿಕೆಯ ದೀಪಗಳನ್ನು ಹಾಕಿ, ಸಹಾಯಕ್ಕೆ ಫೋನು ಮಾಡಿದಳು. ಅವಳ ಮಾತಿನ ಅರ್ಥ ಐದು ನಿಮಿಷದೊಳಗೆ ನನಗೆ ಆಯಿತು: ಅದೇ ಸೇತುವೆಯ ಮೇಲೆ ಇನ್ನೊಂದು ಗಾಡಿಯು ಅಡ್ಡಡ್ಡಲಾಗಿ ಜಾರಿ ಬಂದು, ನಮ್ಮ ಹಿಂಬದಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಸುತ್ತಿ, ಹೇಗೋ ಸಂಭಾಳಿಸಿಕೊಂಡು ಮುಂದೆ ಹೋಯಿತು. ನಾನು ಇಳಿದಿದ್ದರೆ ಆ ಹತ್ತು ಹೆಜ್ಜೆಯ ಜಾಗದಲ್ಲಿಯೇ ನಿಂತಿರುತ್ತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ದಾರಿ ನಿರ್ಜನವಾದಾಗ ಅವಳು ಸಲಿಕೆ ಹಿಡಿದು, ರಸ್ತೆಯ ಕಡೆಗಲ್ಲದ ಬಾಗಿಲಿನಿಂದ ಇಳಿದು, ಹಿಂದಿನ ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಕೆದಕಿ ಬಂದಳು. ಕೊಳವೆಯು ಹಿಮದಿಂದ ಮುಚ್ಚಿಹೋಗಿರುವಾಗ ಯಂತ್ರವನ್ನು ನಡೆಯಿಸಿದರೆ ಇಂಗಾಲದ ವಿಷಾನಿಲವು ಗಾಡಿಯೊಳಕ್ಕೆ ತುಂಬುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಚ್ಚಗೆ ಕೂತವರು ಹಾಗೆಯೇ ನಿದ್ರೆಹೋಗಿ ಏಳದೆ ಉಳಿಯುವರು. ಆದುದರಿಂದ ಕೊಳವೆಯನ್ನು ಬಿಡಿಸಿಕೊಂಡ ಮೇಲೆಯೇ, ಗಂಟೆಗೆ ಹತ್ತು ನಿಮಿಷದಂತೆ, ಕಿಟಕಿಯನ್ನು ಕೂದಲೆಳೆಯಷ್ಟು ತೆರೆದಿಟ್ಟು ಯಂತ್ರವನ್ನು ನಡೆಯಿಸಬೇಕು. ಹಿಮಬಿರುಗಾಳಿಯಲ್ಲಿ ಸಿಕ್ಕಿಕೊಂಡವರು ಗಾಡಿಯನ್ನು ಬಿಟ್ಟು ನಡೆದುಹೋಗಬಾರದು. ೧೯೯೧ರ ಅಕ್ಟೋಬರು ಕೊನೆಯಲ್ಲಿ ಆ ನಗರದ ಮೇಲೆ ನಾಲ್ಕು ದಿನಗಳಲ್ಲಿ ೨೮ ಅಂಗುಲ ಹಿಮ ಬಿದ್ದಿತಂತೆ; ಅಂತಹ ಬಿಳುಪಿನಲ್ಲಿ ಹತ್ತು ಮಾರು ನಡೆದವನಿಗೆ ತನ್ನ ಗಾಡಿಯೇ ಕಾಣದೆ ಹೋಗಬಹುದು.

ಎಳೆಯುವ ಲಾರಿಯು ಬರುವುದಕ್ಕೆ ಒಂದು ಗಂಟೆಗೆ ಸ್ವಲ್ಪ ಕಡಮೆ ಹಿಡಿಯಿತು. ಅಪ್ಪ ಮಗಳು ಇಬ್ಬರೂ ಕಂಬಳಿ ಹೊದೆದು ಕೂತೆವು. ಬಹಳ ಹೊತ್ತಿನ ಮೇಲೆ ಅವಳೇ ಮಾತನಾಡಿದಳು. “ಗಾಡಿ ನನ್ನ ಕೈಗೆ ಬಂದಿತ್ತು, ಅಪ್ಪಯ್ಯ. ಬ್ರೇಕು ಹಾಕಬಾರದು ಎಂದು ಗೊತ್ತಿತ್ತು. ನಿಮ್ಮ ಧ್ವನಿ ಕೇಳಿದ ಕೂಡಲೇ ಕಾಲು ತಾನಾಗಿ ಒತ್ತಿತು. ನಾನು ನಿಮ್ಮ ಒಂಬತ್ತನೇ ತರಗತಿಯಲ್ಲಿ ಕೂತ ಹಾಗೆ ಆಯಿತು” ಎಂದಳು. ಇದರಲ್ಲಿ ದೂರು ಇರಲಿಲ್ಲ. ತನ್ನ ಕಾಲಿನ ವಿಷಯದಲ್ಲಿ ಅವಳಿಗೇ ಆಶ್ಚರ್ಯವಾದಂತೆ ಇದ್ದಿತು. ಅವಳು ನಮ್ಮ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿಯೂ ಇದ್ದವಳು. ಮಗಳೆಂಬ ಸಲಿಗೆ ತೋರಿದೆನೆಂದು ಇತರರು ಹೇಳಬಾರದೆಂದು ನಾನು ಅವಳನ್ನು ಉಳಿದವರಿಗಿಂತ ಹೆಚ್ಚು ಗದರಿಸುತ್ತಿದ್ದೆ. ಅವಳ ವಿಧೇಯತೆಯನ್ನು ಕಂಡು ಸ್ಟಾಫ್ ರೂಮಿನಲ್ಲಿ ಹೆಮ್ಮೆಪಟ್ಟುದೂ ಉಂಟು. ಆ ವಿಧೇಯತೆಯು ಇಪ್ಪತ್ತು ವರ್ಷಗಳ ತರುವಾಯ, ಏಳು ಸಮುದ್ರದ ಆಚೆ, ಒಂದು ಸೇತುವೆಯ ಮೇಲೆ ನಮ್ಮಿಬ್ಬರನ್ನೂ ಮುಗಿಸುವುದರಲ್ಲಿತ್ತು. “ತಪ್ಪು ನನ್ನದು” ಎಂದೆ. ಈ ಮಾತನ್ನು ಅವಳಿಗೆ ನಾನು ಹಿಂದೆ ಎಂದಾದರೂ ಹೇಳಿದ್ದೆನೋ, ನೆನಪಿಗೆ ಬರಲಿಲ್ಲ.

ಮನೆಗೆ ಹಿಂದಿರುಗಿ ಪುರೋಹಿತರಿಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿ, “ಮೇಷ್ಟ್ರೇ, ಇಂಥ ದಿನ ಯಾರು ಹೊರಡುತ್ತಾರೆ? ವಿಘ್ನ ಬಂದರೆ ಅಮಾವಾಸ್ಯೆಗೆ ಮಾಡಬಹುದೆಂದು ಇದೆಯಲ್ಲ. ನಿಮಗೆ ನಾನು ಹೇಳಬೇಕೆ?” ಎಂದರು. ಹೇಳಬೇಕಾಗಿರಲಿಲ್ಲ. ಊರಿನಲ್ಲಿ ಹೊಳೆ ಏರಿ ದಾರಿ ಕಟ್ಟಿದ ವರ್ಷಗಳಲ್ಲಿ ಈ ಮಾತನ್ನು ನಾನೇ ನಾಲ್ಕು ಮನೆಯವರಿಗೆ ಹೇಳಿ ಸಮಾಧಾನ ಮಾಡಿದವನು. ಹೊಳೆಯ ನೀರು ಕಣ್ಣಿಗೆ ಕಾಣುತ್ತದೆ. ಆದುದರಿಂದ ಅದು ವಿಘ್ನವೆಂದು ಒಪ್ಪಿದೆ. ಕರಿಗಡ್ಡೆ ಕಾಣಲಿಲ್ಲ, ಆದುದರಿಂದ ಅದನ್ನು ಮಗಳ ಉದಾಸೀನವೆಂದು ತಿಳಿದೆ.

ಅಮಾವಾಸ್ಯೆಯ ದಿನ ಪುರೋಹಿತರೇ ನಮ್ಮಲ್ಲಿಗೆ ಬಂದು ಕರ್ಮವನ್ನು ನಡೆಯಿಸಿಕೊಟ್ಟರು. ಆ ದಿನ ಸೊನ್ನೆಗಿಂತ ೧೫ ಡಿಗ್ರಿ ಕೆಳಗಿನ ಚಳಿ, ಬಿಸಿಲು, ಒಣರಸ್ತೆ. ಮಿನಿಯಾಪೊಲಿಸ್‌ನಲ್ಲಿ ಚಳಿಗಾಲದಲ್ಲಿಯೂ ಕಾಗೆಗಳು ಸಾವಿರಗಟ್ಟಳೆ ಇರುತ್ತವೆ. ಹಿತ್ತಿಲ ಹಿಮದ ಮೇಲೆ ಬಾಳೆಯೆಲೆಯ ತುಂಡಿನಲ್ಲಿ ಇಟ್ಟ ಅನ್ನಕ್ಕೆ ಎರಡು ಕಾಗೆಗಳು ಇಳಿದುವು. ಮೊಮ್ಮಗನು ಕಿಟಕಿಯಿಂದ ನೋಡಿ ಚಪ್ಪಾಳೆ ತಟ್ಟಿದನು. ಅಳಿಯನಿಗೆ ಮಗಳು “ಸೇತುವೆ ಮೇಲೆ ಜಾರಿತು” ಎಂದಷ್ಟೇ ಹೇಳಿದ್ದಳು. ಊಟವಾದ ಮೇಲೆ ನಡೆದುದೆಲ್ಲವನ್ನೂ ನಾನೇ ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಇನ್ನೊಂದು ಲೋಟ ಮಜ್ಜಿಗೆ ಬಡಿಸಿದನು.

ಈ ಪತ್ರಿಕೆಯ ವಾಚಕರಲ್ಲಿ ಮಕ್ಕಳು ಇಂತಹ ದೇಶಗಳಲ್ಲಿರುವವರು ಅನೇಕರು ಇರುವರು. ಕೆಲವರು ಚಳಿಗಾಲದಲ್ಲಿ, ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಬೇಕೆಂದೋ, ಅಲ್ಲಿಗೆ ಹೋಗುವವರೂ ಇರಬಹುದು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಅಲ್ಲಿ ಗಾಡಿಯನ್ನು ನಡೆಯಿಸುವವರು ನೀವಲ್ಲ. ಆದುದರಿಂದ ಟೈರಿನ ವಿಷಯವೂ ಉಪ್ಪಿನ ವಿಷಯವೂ ನಿಮಗೆ ಬೇಡವೆಂದು ತೋರಬಹುದು. ಆದರೆ ಹೊರಡಬೇಕೋ ಬೇಡವೋ ಎಂಬುದನ್ನು ಎಷ್ಟೋ ಸಾರಿ ನಿರ್ಣಯಿಸುವವರು ನೀವೇ. ಹಬ್ಬವೆಂದೋ, ದೇವಸ್ಥಾನವೆಂದೋ, ನೆಂಟರು ಕಾಯುತ್ತಿರುವರೆಂದೋ ನೀವು ಆಡುವ ಒಂದು ಮಾತು ಅವರ ಕಾಲಿನ ಮೇಲೆ ಭಾರವಾಗಿ ಕೂರುತ್ತದೆ. ಅವರು ಬೇಡವೆಂದರೆ ಬೇಡ. ಅವರು ಮೆಲ್ಲಗೆ ಹೋದರೆ ಗಡಿಯಾರವನ್ನು ನೋಡಬೇಡಿ. ಗಾಡಿ ಜಾರಿದಾಗ, ದೇವರ ನಾಮವನ್ನಾದರೂ ಸರಿಯೆ, ಮನಸ್ಸಿನೊಳಗೇ ಹೇಳಿಕೊಳ್ಳಿ.

ನಮ್ಮ ಮಲೆನಾಡಿನವರಿಗೆ ಇದು ಅರ್ಥವಾಗಲಾರದ ವಿದ್ಯೆಯಲ್ಲ. ಆಷಾಢದಲ್ಲಿ ಅಂಗಳದ ಕಲ್ಲು ಪಾಚಿಗಟ್ಟಿದಾಗ ನಾವು ಅಡಕೆಯ ದಬ್ಬೆಗಳನ್ನು ಸಾಲಾಗಿ ಹಾಸಿಕೊಂಡು, ಹೆಬ್ಬೆರಳನ್ನು ಊರಿ, ಚಿಕ್ಕ ಹೆಜ್ಜೆಗಳನ್ನಿಟ್ಟು ನಡೆಯುತ್ತೇವೆ; ಓಡುವ ಮಗುವಿಗೆ ಹಿಂದಿನಿಂದ ಕೂಗಬೇಡ, ಬೆದರಿ ಬಿದ್ದೀತು ಎಂದು ನನ್ನ ತಾಯಿ ಹೇಳುತ್ತಿದ್ದರು. ಅಂಗಳದಲ್ಲಿ ತಿಳಿದಿದ್ದ ಬುದ್ಧಿ ಸೇತುವೆಯ ಮೇಲೆ ನನಗೆ ತಿಳಿಯಲಿಲ್ಲ.

ಈಗ ಊರಿಗೆ ಬಂದಿದ್ದೇವೆ. ಚಳಿಗಾಲದಲ್ಲಿ ಮಗಳು ಫೋನು ಮಾಡಿದಾಗ ನನ್ನ ಮನೆಯಾಕೆ “ಅಲ್ಲಿ ಬಹಳ ಚಳಿಯೇ?” ಎಂದು ಕೇಳುತ್ತಾಳೆ. ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ ಎಂದರೆ ಅವಳು ಹೆದರುತ್ತಾಳೆ, ನನಗೆ ನೆಮ್ಮದಿಯಾಗುತ್ತದೆ. ಚಳಿ ಕಡಮೆಯಾಗಿದೆ, ಸಣ್ಣಗೆ ಮಳೆ ಬರುತ್ತಿದೆ ಎಂದರೆ ಅವಳು ಸಂತೋಷಪಡುತ್ತಾಳೆ. ನನಗೆ ಆ ರಾತ್ರಿ ನಿದ್ರೆ ಬಾರದು.

ಕಳೆದ ಮಳೆಗಾಲದಲ್ಲಿ ತಮ್ಮನ ಮಗನ ಗಾಡಿಯಲ್ಲಿ ಆಗುಂಬೆಯ ಘಾಟಿಯನ್ನು ಇಳಿದು ಉಡುಪಿಗೆ ಹೋಗಬೇಕಾಗಿ ಬಂದಿತು. ಮಂಜು ಕವಿ‌ದಿತ್ತು, ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸೊಂದು ಹಠಾತ್ತನೆ ಮೂಡಿತು. ಹುಡುಗನು ಗಾಡಿಯನ್ನು ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿ, ಬಸ್ಸಿಗೆ ದಾರಿ ಕೊಟ್ಟು, ನನ್ನ ಕಡೆಗೆ ತಿರುಗಿ, “ದೊಡ್ಡಪ್ಪ, ನೀವು ಹೆದರಲೇ ಇಲ್ಲವಲ್ಲ! ಒಂದು ಮಾತೂ ಆಡಲಿಲ್ಲ” ಎಂದನು. ನಾನು ನಕ್ಕು ಸುಮ್ಮನಾದೆ. ಬಾಯಿಯು ಪಾಠ ಕಲಿತಿದೆ. ಕಾಲು ಮಾತ್ರ ಆಗಲೂ ನೆಲವನ್ನು ಒತ್ತಿಕೊಂಡೇ ಇದ್ದಿತು.